ನೆಗೆಟಿವ್

ಮಸ್ಕಿಯ ಹಳೇ ಬಸ್‌ಸ್ಟ್ಯಾಂಡಿನೆದುರು
ನನ್ನ ಸ್ಟುಡಿಯೋಕ್ಕೆ ಆಗ ಒಂದು ಗಾಜಿನ ಪೆಟ್ಟಿಗೆ ಇತ್ತು,
ಬೀದಿಗೆ ಮುಖ ಮಾಡಿ.
ಒಳಗೆ ಮದುಮಕ್ಕಳು, ಪಾಟಿ ಹಿಡಿದ ಕೂಸುಗಳು,
ಮೊದಲ ಸಲ ಫುಲ್‌ಪ್ಯಾಂಟು ತೊಟ್ಟ ಹುಡುಗರು.

ಹುಸೇನಮ್ಮ ಬಂದದ್ದು ಗಂಡನ ಗಣಿಯ ಅರ್ಜಿಗೆ.
ಪಾಸ್‌ಪೋರ್ಟ್ ಸೈಜು, ನಾಲ್ಕು ಪ್ರತಿ.
ಉಸುರು ಹಿಡಿ ಅಂದೆ. ಹಿಡಿದಳು.
ಹೊರಗೆ ಯಾರದೋ ಆಡು
ಕಂಡಕ್ಟರನ ಟಿಕೆಟ್ ಕಟ್ಟಿಗೆ ಬಾಯಿ ಹಾಕಿತು.
ನಕ್ಕುಬಿಟ್ಟಳು. ನನ್ನ ಬೆರಳು ತಡೆಯಲಿಲ್ಲ.

ಅರ್ಜಿಗೆ ನಡೆಯುವ ಪಟವಲ್ಲ ಅದು.
ಇನ್ನೊಂದು ತೆಗೆದು ಕಳಿಸಿ
ನಗುವನ್ನು ನಾನು ಇಟ್ಟುಕೊಂಡೆ,
ಹತ್ತು ಹನ್ನೆರಡು ಇಂಚಿಗೆ ಹಿಗ್ಗಿಸಿ
ಗಾಜಿನ ನಟ್ಟನಡುವೆ.
ಮೂರು ತಿಂಗಳು ಜನ ಬಂದರು,
ಹಂಗ ನಗೋದೇ ತೆಗೀರಿ ಅನ್ನುತ್ತ.

ಒಂದು ಸಂತೆಯ ದಿನ
ಉಳ್ಳಾಗಡ್ಡಿ ಚೀಲ ಟೊಂಕಕ್ಕಿಟ್ಟು ನಿಂತಿದ್ದಳು.
ಬೈಯಲಿಲ್ಲ. ಗಾಜಿನೊಳಗಿನವಳ ಜಾರಿದ ಸೆರಗು ನೋಡಿ
ತನ್ನದನ್ನು ಸರಿಮಾಡಿಕೊಂಡಳು.
"ಇಕಿಗೆ ಇಲ್ಲಿ ನಿಂದ್ರು ಅಂತ ಯಾರು ಹೇಳಿದ್ರು?"
"ಚೆಂದ ಬಂದದವ್ವಾ, ನಾಕು ಮಂದಿ ನೋಡ್ತಾರ."
"ನೋಡೋರ ಮಾರಿ ನನಗ ಕಾಣ್ತದೇನು?"

ಬಿಚ್ಚಿಕೊಟ್ಟೆ.
ಮೆಟ್ಟಿಲಿಳಿದವಳು ಮತ್ತೆ ಹತ್ತಿಬಂದಳು.
"ಆ ಕರಿ ಹಾಳಿ ಇರ್ತದಲ್ಲ, ಅದನ್ನೂ ಕೊಡು."
ಡ್ರಾವರಿನಿಂದ ತೆಗೆದುಕೊಟ್ಟೆ. ಬಿಸಿಲಿಗೆ ಹಿಡಿದು ನೋಡಿದಳು
ಬಿಳಿ ಕೂದಲು, ಕಪ್ಪು ಹಲ್ಲು,
ಮುಂದೆಂದೋ ಆಗಲಿರುವ ಮುದುಕಿಯನ್ನು.
ಎಲಡಿಕೆ ಚಂಚಿಗೆ ಸೇರಿಸಿ, ಐದು ರೂಪಾಯಿ ಟೇಬಲ್ಲಿಗಿಟ್ಟಳು.
ಬೇಡ ಅಂದೆ. ಅಂಗಡಿ ಮುಚ್ಚುವ ತನಕ
ನೋಟು ಅಲ್ಲೇ ಬಿದ್ದಿತ್ತು.

ಈಗ ಗಾಜಿಲ್ಲ. ಝೆರಾಕ್ಸು, ರೀಚಾರ್ಜು, ಆನ್‌ಲೈನ್ ಅರ್ಜಿ.
ಮೊನ್ನೆ ಅವಳೇ ಬಂದಳು ಮೊಣಕಾಲು ಹಿಡಿದುಕೊಂಡು,
ಸೆರಗಿನ ಗಂಟಿನಿಂದ ಮೊಮ್ಮಗ ಕೊಡಿಸಿದ ಫೋನು ಬಿಚ್ಚಿ:
"ಮರಿಮಗಳ ಪಟಕ್ಕ ಹೂವಿನ ಕಟ್ಟು ಹಾಕಿಕೊಡು."
ನನಗೆ ಗೊತ್ತಿದ್ದ ಒಂದು ಆ್ಯಪು. ಇಳಿಸಿದೆ.
ಎಲ್ಲಾ ಫೋಟೋಗಳಿಗೆ ಅನುಮತಿಸುವಿರಾ?
ಅವಳು ಕನ್ನಡಕ ಹುಡುಕುವುದರೊಳಗೆ
ನಾನು ಒತ್ತಿಯಾಗಿತ್ತು.
ದಿನಕ್ಕೆ ನಲವತ್ತು ಸಲ ಒತ್ತುತ್ತೇನೆ
ಬೇರೆಯವರ ಹೂಂ.

ಕೆಳಗೆ ಸಾಸಿವೆಯಂಥ ಅಕ್ಷರಗಳ ಕರಾರು.
ನಮ್ಮೂರ ಗುಡ್ಡದ ಬಂಡೆಯ ಮೇಲೂ ಒಬ್ಬ ಅರಸನ ಬರಹವಿದೆ,
ನಮಗಾರಿಗೂ ಓದಲು ಬಾರದ್ದು.
ಆದರೆ ಆಗ ಓದಿ ಹೇಳಲು ಆಳುಗಳಿದ್ದರಂತೆ.
ಇದಕ್ಕೆ ಆಳು ನಾನೇ.
ನಾನೂ ಓದಿಲ್ಲ.

ಹೂವಿನ ಕಟ್ಟು ಬಂತು. ಬೆರಳು ಜಾರಿ ಗ್ಯಾಲರಿ ತೆರೆಯಿತು:
ಡಾಕ್ಟರಿಗೆ ತೋರಿಸಲೆಂದು ಎಮ್ಮೆಯ ಬಾತ ಕೆಚ್ಚಲು.
ಬಚ್ಚಲಲ್ಲಿ ಬತ್ತಲೆ ಕೂಸು.
ಪಾಸ್‌ಬುಕ್ಕಿನ ಪುಟ.
ಗಂಡ, ಗೋಡೆಗೊರಗಿಸಿ ಕೂರಿಸಿದ್ದು, ಮೂಗಿನಲ್ಲಿ ಅರಳೆ.
ಆಮೇಲೆ ಒಂದು ಪಟದ ಪಟ:
ಹತ್ತು ಹನ್ನೆರಡು ಇಂಚು,
ಅಂಚಿಗೆ ಗೆದ್ದಲು ಹತ್ತಿದ ನಗು.

"ಎಷ್ಟಾತು?"
"ಪುಕಟ ಅವ್ವಾ."
ಹುಬ್ಬು ಗಂಟಾಯಿತು.
"ಪುಕಟ ಯಾಕ?"

ತಿಳಿದಷ್ಟು ಹೇಳಿದೆ. ತಿಳಿದದ್ದೇ ಸ್ವಲ್ಪ.
"ಯಾ ಊರಿಗೆ ಹೋಗ್ತಾವ?" ಗೊತ್ತಿಲ್ಲ ಅಂದೆ.
"ಯಾ ಗಾಜಿನ್ಯಾಗ ಇಡ್ತಾರ?"
ಗಾಜು ಇಲ್ಲವ್ವಾ ಅಂದೆ.
"ಹಂಗಾರ ನಾ ಯಾರ ಮೆಟ್ಟಿಲು ಹತ್ತಲಿ?"

ಅಳಿಸಹೋದೆ. ಖಚಿತವೇ? ಕೇಳಿತು.
ನಿಜವಾಗಿಯೂ ಖಚಿತವೇ? ಮತ್ತೂ ಕೇಳಿತು.
ತಗೊಳ್ಳುವಾಗ ಕೇಳಿದ್ದು ಒಂದೇ ಸಲ,
ಅದೂ ನನ್ನನ್ನು.

ಅಂಗೈ ಚಾಚಿದಳು. ಫೋನು ಇಟ್ಟೆ.
ಗಂಟು ಕಟ್ಟಿಕೊಂಡು
ಮತ್ತೆ ಅಂಗೈ ಚಾಚಿದಳು.
ಹಿಂದೆ ಆರೇಳು ಗಿರಾಕಿ, ಕರೆಂಟು ಹೋಗುವ ಹೊತ್ತು.
ದೇವರಾಣೆ, ನಾನು ಡ್ರಾವರು ತೆರೆದೆ:
ಸ್ಟೇಪ್ಲರ್ ಪಿನ್ನು, ಒಣಗಿದ ಸ್ಟ್ಯಾಂಪ್ ಪ್ಯಾಡು,
ಯಾರೋ ಮರೆತುಹೋದ ಆಧಾರ್ ಕಾರ್ಡು.